ಗಡಿಯಾರವೂ ರುಜುವೂ

(ಸಂಘದ ಉಪನ್ಯಾಸಮಾಲೆಯಲ್ಲಿ ಮಾಡಿದ ಭಾಷಣ)



ಈ ವೇದಿಕೆಯ ಮೇಲೆ ಸಾಹಿತ್ಯವನ್ನು ಕುರಿತು ಮಾತನಾಡಿದವರುಂಟು, ಸಂಗೀತವನ್ನು ಕುರಿತು ಮಾತನಾಡಿದವರುಂಟು. ನಾವಾದರೋ ಬ್ಯಾಂಕಿನ ಗುಮಾಸ್ತರು. ಓದಿದ್ದು ಬಿ.ಕಾಂ.; ಬಲ್ಲದ್ದು ಕಿರ್ದಿ ಖಾತೆ. ಹೀಗಿರುವಾಗ ನಮ್ಮನ್ನು ಭಾಷಣಕ್ಕೆ ನಿಲ್ಲಿಸಿದ ಕಾರ್ಯದರ್ಶಿಗಳ ಧೈರ್ಯವನ್ನು ಮೆಚ್ಚಬೇಕು. ಎರಡು ವರ್ಷಗಳ ಕಾಲ ನಮ್ಮನ್ನು ಕೌಂಟರಿನಿಂದ ಎಬ್ಬಿಸಿ ಬ್ಯಾಂಕಿನ ಗಣಕ ವಿಭಾಗಕ್ಕೆ ಹಾಕಿದ್ದರು. ಅಲ್ಲಿ ಇಂಜಿನಿಯರುಗಳ ಪಕ್ಕದಲ್ಲಿ ಕುಳಿತು ಊರೂರ ಶಾಖೆಗಳ ದೂರುಗಳನ್ನು ಬರೆದುಕೊಳ್ಳುವುದು ನಮ್ಮ ಕೆಲಸ. ಆಗ ಕೇಳಿ ಕಲಿತ ಒಂದು ವಿಷಯವನ್ನು ಈ ಸಂಜೆ ತಮ್ಮ ಮುಂದಿಡುತ್ತೇವೆ. ಜಾಲದ ಪೆಟ್ಟಿಗೆಗಳು, ಅಂದರೆ ರೌಟರುಗಳು, ಒಂದನ್ನೊಂದು ಹೇಗೆ ನಂಬುತ್ತವೆ, ಆ ನಂಬಿಕೆಗೂ ಗಡಿಯಾರಕ್ಕೂ ಏನು ಸಂಬಂಧ ಎಂಬುದೇ ಆ ವಿಷಯ. ಕರಪತ್ರದಲ್ಲಿ ಕಾರ್ಯಕ್ರಮ ಆರು ಗಂಟೆಗೆ ಎಂದು ಅಚ್ಚಾಗಿತ್ತು. ಈಗ ಆರೂ ಮುಕ್ಕಾಲು. ಗಡಿಯಾರದ ವಿಷಯ ಮಾತನಾಡಲು ನಮ್ಮ ಸಂಘಕ್ಕಿಂತ ಒಳ್ಳೆಯ ಸ್ಥಳ ಸಿಕ್ಕಲಾರದು.

ಈ ಮುಂಬಯಿಯಲ್ಲಿಯೇ ಒಂದು ಕಾಲದಲ್ಲಿ ಎರಡು ಸಮಯಗಳಿದ್ದುವು. ಭಾರತಕ್ಕೆಲ್ಲ ಒಂದೇ ಸಮಯವೆಂದು ಗೊತ್ತುಮಾಡಿದ್ದು 1906ನೆಯ ಇಸವಿಯ ಜನವರಿ 1ರಿಂದ. ಅದಕ್ಕೆ ಮುಂಚೆ ಮುಂಬಯಿಗೆ ಮುಂಬಯಿಯ ಸಮಯ, ಕಲಕತ್ತೆಗೆ ಕಲಕತ್ತೆಯ ಸಮಯ, ರೈಲುಗಳಿಗೆ ಮದರಾಸಿನ ಸಮಯ. ಹೊಸ ಸಮಯ ಬಂದ ಮೇಲೂ ಮುಂಬಯಿ ಸುಲಭವಾಗಿ ಮಣಿಯಲಿಲ್ಲ. 39 ನಿಮಿಷ ಹಿಂದಿದ್ದ ತನ್ನ ಸಮಯವನ್ನು 1955ರವರೆಗೂ ಬಿಡದೆ ಹಿಡಿದುಕೊಂಡಿತ್ತು. ಊರಿನಿಂದ ಹೊಸದಾಗಿ ಬಂದಿಳಿದ ನಮ್ಮ ಹಿರಿಯರಿಗೆ ರೈಲು ನಿಲ್ದಾಣದ ಗಡಿಯಾರ ಒಂದು ಹೇಳಿದರೆ ಪೇಟೆಯ ಗಡಿಯಾರ ಇನ್ನೊಂದು ಹೇಳುತ್ತಿದ್ದಿರಬೇಕು. ಎರಡೂ ಸುಳ್ಳಲ್ಲ, ಆದರೆ ಐದು ಗಂಟೆಗೆ ಬರುತ್ತೇನೆಂದು ಒಬ್ಬರು ಕೊಟ್ಟ ಮಾತನ್ನು ಇನ್ನೊಬ್ಬರು ಯಾವ ಐದೆಂದು ತಿಳಿಯಬೇಕು? ಇದನ್ನು ಸ್ವಲ್ಪ ಮನಸ್ಸಿನಲ್ಲಿಟ್ಟುಕೊಳ್ಳಬೇಕೆಂದು ಕೋರುತ್ತೇವೆ.

ಇನ್ನು ರೌಟರ್ ಎಂದರೇನು? ರೈಲಿನ ಅಂಚೆ ಡಬ್ಬಿಯಲ್ಲಿ ಕಾಗದಗಳನ್ನು ವಿಂಗಡಿಸುವ ನೌಕರನನ್ನು ನೆನೆದುಕೊಳ್ಳಿ. ಮಾಟುಂಗದಿಂದ ಶಿರಸಿಗೆ ಹೊರಟ ಕಾಗದ ಅವನ ಕೈಗೆ ಬಂತು. ಶಿರಸಿಯ ಯಾವ ಕೇರಿ, ಯಾವ ಮನೆ ಎಂಬುದು ಅವನಿಗೆ ತಿಳಿಯದು, ತಿಳಿಯಬೇಕಾಗಿಯೂ ಇಲ್ಲ. ಈ ಕಾಗದ ಹುಬ್ಬಳ್ಳಿಯ ಚೀಲಕ್ಕೆ ಹೋಗಬೇಕು ಎಂಬಷ್ಟು ತಿಳಿದರೆ ಸಾಕು. ರೌಟರೂ ಹಾಗೆಯೇ. ಬಂದ ಪ್ರತಿಯೊಂದು ಪೊಟ್ಟಣದ ವಿಳಾಸ ನೋಡಿ ಮುಂದಿನ ಪೆಟ್ಟಿಗೆಗೆ ದಾಟಿಸುತ್ತದೆ. ಅಂಚೆಯವನಿಗೆ ಇಲಾಖೆ ಪಟ್ಟಿಯನ್ನು ಬರೆದುಕೊಟ್ಟಿರುತ್ತದೆ. ರೌಟರುಗಳಾದರೆ ತಮ್ಮ ಪಟ್ಟಿಯನ್ನು ನೆರೆಹೊರೆಯ ಪೆಟ್ಟಿಗೆಗಳನ್ನು ಕೇಳಿ ತಾವೇ ಬರೆದುಕೊಳ್ಳುತ್ತವೆ. "ಇಂಥ ವಿಳಾಸಗಳಿಗೆ ದಾರಿ ನನ್ನ ಮೂಲಕ ಉಂಟು" ಎಂದು ನೆರೆಯವನು ಸಾರುತ್ತಾನೆ, ಇವನು ನಂಬುತ್ತಾನೆ, ತನ್ನ ಇನ್ನೊಬ್ಬ ನೆರೆಯವನಿಗೆ ತಿಳಿಸುತ್ತಾನೆ. ಎಲ್ಲಿಯಾದರೂ ತಂತಿ ಹರಿದರೆ ಸ್ವಲ್ಪ ಹೊತ್ತಿನೊಳಗೆ ಸುದ್ದಿ ಹಬ್ಬಿ ಬೇರೆ ದಾರಿ ಸಿದ್ಧವಾಗುತ್ತದೆ. ಲೋಕದ ದೊಡ್ಡ ಜಾಲಗಳ ನಡುವೆ ಈಗ ನಡೆಯುತ್ತಿರುವ ಮಾತುಕತೆಯ ಪದ್ಧತಿಗೆ ಬಿ.ಜಿ.ಪಿ. ಎಂದು ಹೆಸರು. ಅದನ್ನು 1989ರ ಜನವರಿಯಲ್ಲಿ ಅಮೆರಿಕದ ಆಸ್ಟಿನ್ ನಗರದ ಒಂದು ಸಭೆಯ ನಡುವೆ, ಕರ್ಕ್ ಲಾಹೀಡ್ ಮತ್ತು ಯಾಕೊವ್ ರೆಖ್ಟರ್ ಎಂಬ ಇಬ್ಬರು ಊಟಕ್ಕೆ ಕುಳಿತಾಗ ಕೈಯೊರಸುವ ಕಾಗದದ ಮೇಲೆ ಗೀಚಿದರೆಂದು ಪ್ರಸಿದ್ಧಿ. ಒಬ್ಬರನ್ನೊಬ್ಬರು ಬಲ್ಲ ಕೆಲವೇ ಜಾಲಗಳಿದ್ದ ಕಾಲ ಅದು. ಪರಿಚಯದವರ ನಡುವೆ ರುಜು ಕೇಳುವವರಾರು?

ನಂಬಿಕೆಗೆ ಬಂದ ಪೆಟ್ಟನ್ನು ಒಂದು ನಿಜವಾದ ಘಟನೆಯಿಂದ ಹೇಳುತ್ತೇವೆ. 2008ರ ಫೆಬ್ರವರಿ 24, ಭಾನುವಾರ. ಪಾಕಿಸ್ತಾನದ ಸರ್ಕಾರ ಯೂಟ್ಯೂಬನ್ನು ತನ್ನ ದೇಶದೊಳಗೆ ನಿಲ್ಲಿಸಬೇಕೆಂದಿತು. ಅಲ್ಲಿಯ ದೂರವಾಣಿ ಸಂಸ್ಥೆ ಯೂಟ್ಯೂಬಿನ 256 ವಿಳಾಸಗಳಿಗೆ ದಾರಿ ತನ್ನಲ್ಲಿಯೇ ಇದೆ ಎಂದು ಸಾರಿತು. ದೇಶದೊಳಗೆ ಉಳಿಯಬೇಕಾಗಿದ್ದ ಆ ಮಾತು ಹಾಂಗ್‌ಕಾಂಗಿನ ಒಂದು ಸಂಸ್ಥೆಯ ಮೂಲಕ ಹೊರಬಿದ್ದು ಲೋಕವನ್ನೆಲ್ಲ ಸುತ್ತಿತು. ಯೂಟ್ಯೂಬು ಸಾರುತ್ತಿದ್ದುದು 1024 ವಿಳಾಸಗಳ ದೊಡ್ಡ ಗುಂಪನ್ನು. ಇವರು ಸಾರಿದ್ದು ಅದರೊಳಗಿನ ಸಣ್ಣ ಗುಂಪನ್ನು. ಹೆಚ್ಚು ಖಚಿತವಾಗಿ ಹೇಳಿದವನ ಮಾತೇ ಹೆಚ್ಚೆಂಬುದು ರೌಟರುಗಳ ನ್ಯಾಯ. "ಧಾರವಾಡಕ್ಕೆ ನಾನು ಒಯ್ಯುತ್ತೇನೆ" ಎಂದವನಿಗಿಂತ "ಧಾರವಾಡದ ಮಾಳಮಡ್ಡಿಗೆ ನಾನು ಒಯ್ಯುತ್ತೇನೆ" ಎಂದವನ ಕೈಗೆ ನಾವೂ ಕಾಗದ ಕೊಡುವುದಿಲ್ಲವೆ? ಸುಮಾರು ಎರಡು ಗಂಟೆಗಳ ಕಾಲ ಲೋಕದ ಬಹುಭಾಗಕ್ಕೆ ಯೂಟ್ಯೂಬು ಇಲ್ಲವಾಯಿತು. ಪರದೇಶದವರನ್ನು ಮಾತ್ರ ಆಡಿಕೊಳ್ಳುವುದು ತರವಲ್ಲ. 2021ರ ಏಪ್ರಿಲ್ 16ರಂದು ನಮ್ಮ ದೇಶದ್ದೇ ಆದ ಒಂದು ದೊಡ್ಡ ಸಂಸ್ಥೆಯಿಂದ 30,000ಕ್ಕೂ ಹೆಚ್ಚು ತಪ್ಪು ದಾರಿಗಳು ಹೊರಬಿದ್ದುವು.

ಇಲ್ಲಿ ಎರಡು ಪ್ರಶ್ನೆಗಳು ಬೇರೆಬೇರೆಯಾಗಿವೆ. ಮಾತನಾಡುತ್ತಿರುವವನು ನಮ್ಮ ನೆರೆಯವನೇ ಹೌದೆ ಎಂಬುದು ಒಂದು. ನೆರೆಯವನೇ ಆದರೂ ಅವನು ಸಾರುವ ವಿಳಾಸದ ಮೇಲೆ ಅವನಿಗೆ ಹಕ್ಕುಂಟೆ ಎಂಬುದು ಇನ್ನೊಂದು. ಬ್ಯಾಂಕಿನವರಿಗೆ ಇದು ಹೊಸದಲ್ಲ. ಚೆಕ್ಕಿನ ಮೇಲಿನ ರುಜು ಸರಿಯಾಗಿರಬಹುದು, ಖಾತೆ ಮಾತ್ರ ಬೇರೊಬ್ಬರದಾಗಿರಬಹುದು. 2008ರಲ್ಲಿ ಕೆಟ್ಟದ್ದು ಎರಡನೆಯದು. ಮೊದಲನೆಯದನ್ನು ಈಗ ನೋಡಿ, ಎರಡನೆಯದಕ್ಕೆ ಆಮೇಲೆ ಬರುತ್ತೇವೆ.

ನೆರೆಯವನನ್ನು ಗುರುತಿಸುವುದಕ್ಕೆ ಮೊದಮೊದಲು ಮಾಡಿದ ಉಪಾಯ ಬಹಳ ಬಡವಾದದ್ದು. ಎರಡೂ ಪೆಟ್ಟಿಗೆಗಳಿಗೆ ಒಂದು ಗುಪ್ತಪದ ಹೇಳಿಕೊಟ್ಟು, ಪ್ರತಿ ಸುದ್ದಿಯ ಜೊತೆಗೆ ಆ ಪದವನ್ನೂ ಇದ್ದ ಹಾಗೆಯೇ ಬರೆದು ಕಳಿಸುವುದು. ತಿಜೋರಿಯ ನಂಬರನ್ನು ಪೋಸ್ಟ್‌ಕಾರ್ಡಿನ ಮೇಲೆ ಬರೆದಂತೆಯೇ ಸರಿ. ದಾರಿಯಲ್ಲಿ ಒಬ್ಬನು ಓದಿದರೆ ಮುಗಿಯಿತು. ಆಮೇಲೆ ಬಂದದ್ದು ಜಾಣತನದ ಉಪಾಯ. ಸುದ್ದಿಯನ್ನೂ ಗುಪ್ತಪದವನ್ನೂ ಕೂಡಿಸಿ ಒಂದು ಲೆಕ್ಕ ಮಾಡಿ, ಬಂದ ಅಂಕಿಯನ್ನು ಮಾತ್ರ ಸುದ್ದಿಯ ಕೊನೆಗೆ ಅಂಟಿಸುವುದು. ಗುಪ್ತಪದ ತಂತಿಯ ಮೇಲೆ ಹೋಗುವುದೇ ಇಲ್ಲ. ಪಡೆದವನು ತನ್ನಲ್ಲಿರುವ ಗುಪ್ತಪದದಿಂದ ಅದೇ ಲೆಕ್ಕ ಮಾಡಿ ನೋಡುತ್ತಾನೆ. ಅಂಕಿ ಕೂಡಿಬಂದರೆ ಸ್ವೀಕಾರ, ಇಲ್ಲದಿದ್ದರೆ ತಿರಸ್ಕಾರ. ಓ.ಎಸ್.ಪಿ.ಎಫ್. ಎಂಬ ಪದ್ಧತಿಯ 1998ರ ನಿಯಮಗಳಲ್ಲಿಯೂ, ಬಿ.ಜಿ.ಪಿ.ಗೆ ಅದೇ ವರ್ಷ ಬಂದ ನಿಯಮದಲ್ಲಿಯೂ ಈ ಲೆಕ್ಕಕ್ಕೆ ಎಂ.ಡಿ.5 ಎಂಬ ಸೂತ್ರವನ್ನು ಹೇಳಿದ್ದರು. 2004ರಲ್ಲಿ ಚೀನಾದ ವಾಂಗ್ ಷಿಯಾವೊಯುನ್ ಎಂಬ ವಿದುಷಿ ಮತ್ತು ಅವರ ಸಂಗಡಿಗರು ಆ ಸೂತ್ರದಲ್ಲಿ ಎರಡು ಬೇರೆ ಬರಹಗಳಿಗೆ ಒಂದೇ ಅಂಕಿ ಬರುವಂತೆ ಮಾಡಿ ತೋರಿಸಿದರು. ಆ ಬಳಿಕ ಹೆಚ್ಚು ಗಟ್ಟಿಯಾದ ಸೂತ್ರಗಳು ಬಂದಿವೆ; ಆದರೂ ಹಳೆಯದನ್ನೇ ನಡೆಸುತ್ತಿರುವ ಪೆಟ್ಟಿಗೆಗಳು ಇನ್ನೂ ಎಷ್ಟೋ ಇವೆ.

ಈ ಉಪಾಯವನ್ನು ನಮಗೆ ವಿವರಿಸುತ್ತಿದ್ದಾಗ, ನಿವೃತ್ತಿಗೆ ಹತ್ತಿರವಾಗಿದ್ದ ಒಬ್ಬ ಅಧಿಕಾರಿಗಳು ಪಕ್ಕದಲ್ಲಿದ್ದವರು ನಕ್ಕುಬಿಟ್ಟರು. "ಇದರಲ್ಲಿ ಹೊಸದೇನಪ್ಪಾ? ನಮ್ಮ ಟಿ.ಟಿ.ಯೂ ಇದೇ ಅಲ್ಲವೆ?" ಎಂದರು. ಟಿ.ಟಿ. ಎಂದರೆ ತಂತಿಯ ಮೂಲಕ ಹಣ ಕಳಿಸುವುದು. ಇಲ್ಲಿ ಕುಳಿತಿರುವ ಹಿರಿಯರಲ್ಲಿ ಮಂಗಳೂರಿಗೋ ಗದಗಿಗೋ ಹಾಗೆ ಹಣ ಕಳಿಸಿದವರು ಇದ್ದೇ ಇರಬೇಕು. ಮುಂಬಯಿಯ ಶಾಖೆ ಹುಬ್ಬಳ್ಳಿಯ ಶಾಖೆಗೆ "ಇಂಥವರಿಗೆ ಇಷ್ಟು ರೂಪಾಯಿ ಕೊಡಿ" ಎಂದು ತಂತಿ ಕೊಡುತ್ತದೆ. ತಂತಿಯಲ್ಲಿ ರುಜು ಹಾಕುವುದೆಂತು? ಅದಕ್ಕಾಗಿ ಒಂದು ಪರೀಕ್ಷಾ ಸಂಖ್ಯೆ. ಗುಪ್ತ ಪುಸ್ತಕದಲ್ಲಿ ತಿಂಗಳಿಗೊಂದು ಅಂಕಿ, ತಾರೀಖಿಗೊಂದು ಅಂಕಿ, ಮೊತ್ತಕ್ಕೊಂದು ಅಂಕಿ, ಸಾಲು ನಂಬರಿಗೊಂದು ಅಂಕಿ. ಎಲ್ಲವನ್ನೂ ಕೂಡಿಸಿದರೆ ಬರುವುದೇ ರುಜು. ಪುಸ್ತಕ ಅಧಿಕಾರಿಯ ಬೀಗದೊಳಗೆ. ಹುಬ್ಬಳ್ಳಿಯವರು ತಮ್ಮ ಪುಸ್ತಕದಿಂದ ಕೂಡಿಸಿ ನೋಡಿ ಹಣ ಕೊಡುವರು. ನಮ್ಮ ದೇಶದಲ್ಲಿ ತಂತಿ ಸೇವೆಯೇ 2013ರ ಜುಲೈಯಲ್ಲಿ ನಿಂತುಹೋಯಿತು. ಆದರೆ ಗಮನಿಸಬೇಕಾದದ್ದು ಆ ತಾರೀಖಿನ ಅಂಕಿ. ಸಾಲು ನಂಬರನ್ನೂ ತಾರೀಖನ್ನೂ ಏಕೆ ಸೇರಿಸಿದರು? ನಿನ್ನೆಯ ತಂತಿಯನ್ನು ಕದ್ದು ಇವತ್ತು ಮತ್ತೆ ಕೊಟ್ಟರೆ ಎರಡನೆಯ ಸಲ ಹಣ ಹೋಗಬಾರದು ಎಂದು. ರೌಟರುಗಳ ಸುದ್ದಿಯಲ್ಲಿಯೂ ಇದೇ ಕಾರಣಕ್ಕೆ ಒಂದು ಏರುವ ಸಂಖ್ಯೆ ಇರುತ್ತದೆ.

ಗುಪ್ತಪದ ಎಷ್ಟೇ ಒಳ್ಳೆಯದಾದರೂ ಅದನ್ನು ಬದಲಾಯಿಸುತ್ತಿರಬೇಕು. ಕೆಲಸ ಬಿಟ್ಟು ಹೋದವರಿಗೆ ಅದು ಗೊತ್ತು. ಯಾವುದೋ ಹಳೆಯ ಕಾಗದದಲ್ಲಿ ಅದು ಬರೆದಿದೆ. ನೂರಾರು ಶಾಖೆಗಳ ಪೆಟ್ಟಿಗೆಗಳಲ್ಲಿ ಒಂದೇ ಕ್ಷಣದಲ್ಲಿ ಗುಪ್ತಪದವನ್ನು ಬದಲಾಯಿಸುವುದು ಮನುಷ್ಯರಿಂದ ಆಗದ ಮಾತು. ಆದುದರಿಂದ ಮುಂಚೆಯೇ ಹಲವು ಗುಪ್ತಪದಗಳನ್ನು ಸರಪಣಿಯಂತೆ ಬರೆದಿಟ್ಟು, ಪ್ರತಿಯೊಂದಕ್ಕೂ ಎರಡು ಅವಧಿಗಳನ್ನು ಗೊತ್ತುಮಾಡುತ್ತಾರೆ. ಇಂಥ ತಾರೀಖಿನಿಂದ ಇಂಥ ತಾರೀಖಿನವರೆಗೆ ಇದರಿಂದ ರುಜು ಹಾಕತಕ್ಕದ್ದು ಎಂಬುದು ಒಂದು. ಇಂಥ ತಾರೀಖಿನಿಂದ ಇಂಥ ತಾರೀಖಿನವರೆಗೆ ಈ ರುಜು ಬಂದರೆ ಒಪ್ಪತಕ್ಕದ್ದು ಎಂಬುದು ಇನ್ನೊಂದು. ಒಪ್ಪುವ ಅವಧಿಯನ್ನು ಹಾಕುವ ಅವಧಿಗಿಂತ ಎರಡು ಕಡೆಯೂ ಸ್ವಲ್ಪ ಅಗಲವಾಗಿ ಇಡುವುದು ಬುದ್ಧಿವಂತಿಕೆ. ಶಾಖೆಯ ಮ್ಯಾನೇಜರು ಬದಲಾದಾಗ ಹೊಸಬರ ಮಾದರಿ ರುಜು ಮುಂಚೆಯೇ ಬಂದಿರುತ್ತದೆ, ಹಳಬರು ಹಾಕಿದ ಡ್ರಾಫ್ಟನ್ನು ಆಮೇಲೆಯೂ ಕೆಲವು ದಿನ ಒಪ್ಪುತ್ತೇವೆ; ಅದೇ ಲೆಕ್ಕ.

ಇಲ್ಲಿಗೆ ಗಡಿಯಾರ ಬಂತು. ಚೆಕ್ಕಿಗೆ ಮೂರು ತಿಂಗಳ ಆಯುಷ್ಯ. ಇವತ್ತಿನ ತಾರೀಖು ಏನೆಂದು ಕೌಂಟರಿನವನಿಗೆ ಗೊತ್ತಿಲ್ಲದಿದ್ದರೆ, ಮುಂದಿನ ತಾರೀಖಿನ ಚೆಕ್ಕು ಯಾವುದು, ಅವಧಿ ಮೀರಿದ ಚೆಕ್ಕು ಯಾವುದು ಎಂದು ಅವನು ಹೇಗೆ ಹೇಳಿಯಾನು? ರೌಟರಿಗೂ ಹಾಗೆಯೇ. ಕೆಲವು ಸೆಕೆಂಡುಗಳ ವ್ಯತ್ಯಾಸದಿಂದ ಏನೂ ಕೆಡುವುದಿಲ್ಲ. ಅಗಲವಾಗಿ ಬಿಟ್ಟ ಅಂಚಿನೊಳಗೆ ಅದು ಸೇರಿಹೋಗುತ್ತದೆ. ಅಂಚನ್ನು ಮೀರಿದರೆ ಮಾತ್ರ ನೆರೆಯವರಿಬ್ಬರು ಒಬ್ಬರ ರುಜುವನ್ನು ಒಬ್ಬರು ಒಪ್ಪದೆ ಮುಖ ತಿರುಗಿಸಿಕೊಳ್ಳುತ್ತಾರೆ.

ನಾವು ದೂರು ಬರೆದುಕೊಂಡ ಒಂದು ದಿನದ ಸಂಗತಿಯನ್ನು ಹೇಳಬೇಕು. ಶಾಖೆಯ ಹೆಸರು ಬೇಡ. ಘಟ್ಟದ ಮೇಲಿನ ಒಂದು ಸಣ್ಣ ಊರು. ತಿಂಗಳ ಮೊದಲನೆಯ ದಿನ. ಹಿಂದಿನ ರಾತ್ರಿ ಮಳೆಗೆ ವಿದ್ಯುತ್ತು ಹೋಗಿ, ಯು.ಪಿ.ಎಸ್. ಖಾಲಿಯಾಗಿ, ಶಾಖೆಯ ರೌಟರು ನಿಂತುಹೋಗಿತ್ತು. ಬೆಳಿಗ್ಗೆ ವಿದ್ಯುತ್ತು ಬಂತು, ರೌಟರೂ ಎದ್ದಿತು. ಅದು ಹಳೆಯ ಮಾದರಿ. ವಿದ್ಯುತ್ತಿಲ್ಲದಾಗಲೂ ನಡೆಯುವ ಗಡಿಯಾರ ಅದರೊಳಗಿರಲಿಲ್ಲ. ಅಂಥ ಕೆಲವು ಪೆಟ್ಟಿಗೆಗಳು ಎದ್ದ ಕೂಡಲೆ ತಮ್ಮ ತಾರೀಖನ್ನು 1993ರ ಮಾರ್ಚ್ 1 ಎಂದು ತಿಳಿದುಕೊಳ್ಳುತ್ತವೆ. ಅದರ ಪಾಲಿಗೆ ಸರಪಣಿಯಲ್ಲಿದ್ದ ಗುಪ್ತಪದಗಳೆಲ್ಲವೂ ಎಷ್ಟೋ ವರ್ಷ ಮುಂದಿನ ತಾರೀಖಿನ ಚೆಕ್ಕುಗಳು! ಒಂದರಿಂದಲೂ ರುಜು ಹಾಕಲೊಲ್ಲದು, ಯಾವ ರುಜುವನ್ನೂ ಒಪ್ಪಲೊಲ್ಲದು. ನೆರೆಯ ರೌಟರಿನೊಡನೆ ಮಾತು ನಿಂತಿತು; ಮಾತಿಲ್ಲವಾದ್ದರಿಂದ ದಾರಿಯಿಲ್ಲ. ಸರಿಯಾದ ಸಮಯ ಕೊಡುವ ಗಡಿಯಾರವೋ ದೂರದ ಕೇಂದ್ರದಲ್ಲಿತ್ತು. ಅಲ್ಲಿಗೆ ಹೋಗಿ ಕೇಳಬೇಕಾದರೆ ದಾರಿ ಬೇಕು. ಹುಚ್ಚು ಬಿಡದ ಹೊರತು ಮದುವೆಯಾಗದು, ಮದುವೆಯಾಗದ ಹೊರತು ಹುಚ್ಚು ಬಿಡದು ಎಂಬ ಗಾದೆ ಅಕ್ಷರಶಃ ನಡೆದುಹೋಯಿತು.

ಪಿಂಚಣಿಗೆ ಬಂದ ಮುದುಕರು ಬೆಂಚಿನ ಮೇಲೂ ಮೆಟ್ಟಿಲ ಮೇಲೂ ಕುಳಿತರು. ಎ.ಟಿ.ಎಂ. ಕೂಡ ಅದೇ ಪೆಟ್ಟಿಗೆಯ ಮೂಲಕವೇ ಹೋಗಬೇಕಾಗಿದ್ದುದರಿಂದ ಅದೂ ಬಂದು. ಆಸ್ಪತ್ರೆಗೆ ಕಟ್ಟಲು ಮಗ ಪುಣೆಯಿಂದ ಹಾಕಿದ ಹಣ ಖಾತೆಯಲ್ಲಿದೆ, ತೆಗೆಯಲಾಗುತ್ತಿಲ್ಲ ಎಂದು ಒಬ್ಬ ತಾಯಿ ಮ್ಯಾನೇಜರ ಮುಂದೆ ನಿಂತೇ ಇದ್ದರೆಂದು ಅಲ್ಲಿಯ ಗುಮಾಸ್ತರು ದೂರವಾಣಿಯಲ್ಲಿ ಹೇಳಿದರು. ಮಧ್ಯಾಹ್ನ ಎರಡು ಗಂಟೆಗೆ ಜಿಲ್ಲೆಯ ಊರಿನಿಂದ ಒಬ್ಬ ಹುಡುಗ ಮೋಟಾರು ಸೈಕಲಿನಲ್ಲಿ ಬಂದು, ಪೆಟ್ಟಿಗೆಗೆ ತಂತಿ ಚುಚ್ಚಿ, ತನ್ನ ಕೈಗಡಿಯಾರ ನೋಡಿ ಒಂದು ಸಾಲು ಬರೆದ. ಅರ್ಧ ನಿಮಿಷದೊಳಗೆ ಎಲ್ಲವೂ ನಡೆಯತೊಡಗಿತು. ಗುಪ್ತಪದ ಸರಿಯಾಗಿತ್ತು, ತಂತಿ ಸರಿಯಾಗಿತ್ತು, ಹಣವೂ ಇತ್ತು. ಇರದೆ ಇದ್ದದ್ದು ತಾರೀಖು ಒಂದೇ. ಆ ದಿನದ ದೂರಿನ ಪುಸ್ತಕದಲ್ಲಿ ಕಾರಣದ ಅಂಕಣದಲ್ಲಿ ಏನು ಬರೆಯಬೇಕೆಂದು ನಾವು ಕೇಳಿದಾಗ ಇಂಜಿನಿಯರು "ಗಡಿಯಾರ" ಎಂದಷ್ಟೇ ಹೇಳಿದರು.

ಇದಕ್ಕೆ ಪರಿಹಾರಗಳಿಲ್ಲದೆ ಇಲ್ಲ. ಗಡಿಯಾರದ ಕಡೆಗೆ ಹೋಗುವ ಒಂದೇ ಒಂದು ದಾರಿಯನ್ನು ಯಾರನ್ನೂ ಕೇಳದೆ ಪೆಟ್ಟಿಗೆಯಲ್ಲಿ ಕೈಯಿಂದಲೇ ಬರೆದಿಡಬಹುದು. ಅಥವಾ ತಂತಿಯ ಆ ತುದಿಯಲ್ಲಿರುವ ನೆರೆಯ ಪೆಟ್ಟಿಗೆಯನ್ನೇ ಸಮಯ ಕೇಳುವಂತೆ ಮಾಡಬಹುದು. ಬ್ಯಾಟರಿಯಿರುವ ಪೆಟ್ಟಿಗೆಯನ್ನು ಕೊಳ್ಳಬಹುದು. ಆ ಖರ್ಚಿಗೆ ರುಜು ಹಾಕುವವರು ಸಿಗುವುದು ಬೇರೆ ಮಾತು. ಇನ್ನೊಂದು ಸೂಕ್ಷ್ಮವೂ ಉಂಟು. ಸರಪಣಿಯ ಕೊನೆಯ ಗುಪ್ತಪದದ ಅವಧಿಯೂ ಮುಗಿದುಹೋಯಿತು, ಹೊಸದನ್ನು ಯಾರೂ ಬರೆಯಲಿಲ್ಲ ಎನ್ನೋಣ. ಆಗ ಏನು ಮಾಡಬೇಕು? ರುಜುವಿಲ್ಲದೆ ನಂಬುವುದೆ, ಬಾಗಿಲು ಹಾಕುವುದೆ? ಓ.ಎಸ್.ಪಿ.ಎಫ್. ನಿಯಮ ಬರೆದವರು ಎರಡನ್ನೂ ಬೇಡವೆಂದರು. ಮೇಲ್ವಿಚಾರಕರಿಗೆ ದೂರು ಕೊಟ್ಟು, ಹೊಸದು ಬರುವವರೆಗೆ ಆ ಕೊನೆಯದನ್ನೇ ಅಂತ್ಯವಿಲ್ಲದ್ದೆಂದು ಭಾವಿಸಿ ನಡೆಸು ಎಂದು ಬರೆದಿದ್ದಾರೆ. ಅವಧಿ ಮೀರಿದ ಚೆಕ್ಕನ್ನು ಪಾಸು ಮಾಡು ಎಂದಂತಾಯಿತಲ್ಲ ಎಂದು ಮೊದಲು ನಮ್ಮ ಬ್ಯಾಂಕು ಬುದ್ಧಿಗೆ ಮುಜುಗರವಾಯಿತು. ಆ ಬೆಂಚಿನ ಮೇಲಿನ ಮುದುಕರ ಸುದ್ದಿ ಕೇಳಿದ ಬಳಿಕ ಅವರು ಬರೆದದ್ದೇ ಸರಿಯೆಂದು ತೋರಿತು. ದಾರಿಯನ್ನು ಮುಚ್ಚಿದರೆ ದೂರು ಕೊಡುವುದಕ್ಕೂ ದಾರಿಯಿರುವುದಿಲ್ಲ.

ಹಾಗಾದರೆ ದೂರದ ಗಡಿಯಾರದಿಂದ ಸರಿಯಾದ ಸಮಯ ತಿಳಿಯುವುದು ಹೇಗೆ? ದಾರಿಯಲ್ಲಿ ಹೊತ್ತು ಕಳೆಯುತ್ತದಲ್ಲ! ಇದಕ್ಕೆ ಎನ್.ಟಿ.ಪಿ. ಎಂಬ ಪದ್ಧತಿಯಿದೆ, ಅದರ ಲೆಕ್ಕ ನಮಗೆ ಬಹಳ ಹಿಡಿಸಿತು. ನಮ್ಮ ಗಡಿಯಾರದಲ್ಲಿ ಸರಿಯಾಗಿ 10 ಗಂಟೆಗೆ ಪ್ರಶ್ನೆ ಕಳಿಸಿದೆವು. ಅದು ಅಲ್ಲಿಗೆ ಮುಟ್ಟಿದಾಗ ಅವರ ಗಡಿಯಾರದಲ್ಲಿ 10 ಗಂಟೆ 5 ನಿಮಿಷ 2 ಸೆಕೆಂಡು. ಒಂದು ಸೆಕೆಂಡು ತಡೆದು, 10 ಗಂಟೆ 5 ನಿಮಿಷ 3 ಸೆಕೆಂಡಿಗೆ ಉತ್ತರ ಬಿಟ್ಟರು. ನಮಗೆ ಉತ್ತರ ಸೇರಿದಾಗ ನಮ್ಮ ಗಡಿಯಾರದಲ್ಲಿ 10 ಗಂಟೆ 5 ಸೆಕೆಂಡು. ಹೋಗುವಾಗ ಕಂಡ ಅಂತರ 5 ನಿಮಿಷ 2 ಸೆಕೆಂಡು. ಬರುವಾಗ ಕಂಡದ್ದು 4 ನಿಮಿಷ 58 ಸೆಕೆಂಡು. ಎರಡರ ಸರಾಸರಿ ಐದು ನಿಮಿಷ. ನಮ್ಮ ಗಡಿಯಾರ ಐದು ನಿಮಿಷ ಹಿಂದಿದೆ, ದಾರಿಯಲ್ಲಿ ಕಳೆದದ್ದು ಒಟ್ಟು ನಾಲ್ಕು ಸೆಕೆಂಡು. ಮನೆಗೆ ಹೋಗಿ ಮಕ್ಕಳಿಗೆ ಈ ಲೆಕ್ಕ ಕೊಟ್ಟು ನೋಡಬಹುದು. ಹೋಗುವ ದಾರಿಯೂ ಬರುವ ದಾರಿಯೂ ಸಮನೆಂಬ ನಂಬಿಕೆ ಇದರ ಬುಡದಲ್ಲಿದೆ. ಅದು ಸಮನಲ್ಲದಿದ್ದರೆ ಲೆಕ್ಕ ಅಷ್ಟರಮಟ್ಟಿಗೆ ತಪ್ಪುತ್ತದೆ.

ಈ ಪದ್ಧತಿಯನ್ನು ಕಟ್ಟಿದವರು ಡೇವಿಡ್ ಮಿಲ್ಸ್ ಎಂಬ ಅಮೆರಿಕದ ಪ್ರಾಧ್ಯಾಪಕರು. ಹುಟ್ಟಿನಿಂದಲೇ ಕಣ್ಣಿನ ರೋಗ; ಒಂದು ಕಣ್ಣಿನ ಸ್ವಲ್ಪ ದೃಷ್ಟಿಯಲ್ಲಿ ಓದಿ ಬರೆದು ದುಡಿದರು, ಮುಪ್ಪಿನಲ್ಲಿ ಅದೂ ಹೋಯಿತು. 1985ರಲ್ಲಿ ಮೊದಲ ನಿಯಮ ಪ್ರಕಟಿಸಿದರು, ಡೆಲವೇರ್ ವಿಶ್ವವಿದ್ಯಾಲಯದಲ್ಲಿ ಪಾಠ ಹೇಳುತ್ತ ಅದನ್ನು ತಿದ್ದುತ್ತ ಬಂದರು. ನಾಲ್ಕನೆಯ ರೂಪ 2010ರಲ್ಲಿ ಬಂತು. 2024ರ ಜನವರಿ 17ರಂದು ತೀರಿಕೊಂಡರು. ನಮ್ಮ ಕೈಯಲ್ಲಿರುವ ಫೋನಿನಿಂದ ಹಿಡಿದು ರೈಲ್ವೆ ಟಿಕೆಟಿನ ಗಣಕದವರೆಗೆ ಇಂಥ ಪದ್ಧತಿಗಳ ಹಂಗಿನಲ್ಲಿವೆ; ಅವರ ಹೆಸರನ್ನು ಮಾತ್ರ ಕೇಳಿದವರು ಕಡಮೆ.

ಗಡಿಯಾರಗಳಿಗೂ ಮೆಟ್ಟಿಲುಗಳಿವೆ. ಬುಡದಲ್ಲಿ ಸೀಸಿಯಂ ಪರಮಾಣುವಿನ ಗಡಿಯಾರ. ಆ ಪರಮಾಣುವಿನ ಒಂದು ನಿರ್ದಿಷ್ಟ ಕಂಪನ 919 ಕೋಟಿ 26 ಲಕ್ಷ 31 ಸಾವಿರದ 770 ಸಲ ಆದರೆ ಒಂದು ಸೆಕೆಂಡು. ನಮ್ಮ ದೇಶದ ಸಮಯವನ್ನು ದೆಹಲಿಯ ರಾಷ್ಟ್ರೀಯ ಭೌತಿಕ ಪ್ರಯೋಗಾಲಯ ಇಂಥ ಗಡಿಯಾರಗಳಿಂದ ಕಾಯುತ್ತದೆ. ಅಲ್ಲಿಯ ಸಮಯವನ್ನು ದೇಶದಲ್ಲಿ ಹಂಚಲು ಗೊತ್ತುಮಾಡಿದ ಐದು ಕೇಂದ್ರಗಳಲ್ಲಿ ನಮ್ಮ ಬೆಂಗಳೂರೂ ಒಂದು ಎಂಬುದನ್ನು ಈ ಸಭೆಯಲ್ಲಿ ಹೇಳದೆ ಬಿಡಲಾರೆವು. ಆ ಗಡಿಯಾರವನ್ನು ನೇರವಾಗಿ ಕೇಳಿದ ಗಣಕ ಮೊದಲ ಮೆಟ್ಟಿಲಿನದು, ಅದನ್ನು ಕೇಳಿದ್ದು ಎರಡನೆಯದು, ಹೀಗೆ 15ರವರೆಗೆ. 16 ಎಂದು ತೋರಿದರೆ ಆ ಗಡಿಯಾರವನ್ನು ನಂಬಬೇಡ ಎಂದರ್ಥ.

ದೊಡ್ಡವರ ಗಡಿಯಾರವಾದರೆ ಕಣ್ಣುಮುಚ್ಚಿ ನಂಬಬಹುದೆ? 2012ರ ನವೆಂಬರ್ 19ರಂದು ಅಮೆರಿಕದ ನೌಕಾದಳದ ವೀಕ್ಷಣಾಲಯದ ಎರಡು ಪ್ರಸಿದ್ಧ ಗಡಿಯಾರ ಗಣಕಗಳು ಸ್ವಲ್ಪ ಹೊತ್ತು 2000ನೆಯ ಇಸವಿಯನ್ನು ಸಾರಿದುವು. ಅವುಗಳನ್ನೇ ನೆಚ್ಚಿಕೊಂಡಿದ್ದ ಎಷ್ಟೋ ಕಚೇರಿಗಳ ಗಣಕಗಳೂ ರೌಟರುಗಳೂ ಹನ್ನೆರಡು ವರ್ಷ ಹಿಂದಕ್ಕೆ ಹೋದುವು. ಬೆಳಿಗ್ಗೆ ಕೆಲಸಕ್ಕೆ ಬಂದವರು ತಮ್ಮ ಗಣಕದೊಳಗೆ ಹೋಗಲಾರದೆ ಕುಳಿತರು. ನಾಲ್ಕಾರು ಗಡಿಯಾರಗಳನ್ನು ಕೇಳುವಂತೆ ಏರ್ಪಾಡು ಮಾಡಿಕೊಂಡವರಿಗೆ ಏನೂ ಆಗಲಿಲ್ಲ. ಪಂಚಾಯಿತಿಯಲ್ಲಿ ಒಬ್ಬಿಬ್ಬರ ಸುಳ್ಳು ಸೋತಿತು. ಮಿಲ್ಸರ ಮೂಲ ಪದ್ಧತಿಯಲ್ಲಿ ಇನ್ನೊಂದು ಜಾಗ್ರತೆಯೂ ಇತ್ತು. 1000 ಸೆಕೆಂಡಿಗಿಂತ ಹೆಚ್ಚು ವ್ಯತ್ಯಾಸ ಕಂಡರೆ, ತಿದ್ದಿಕೊಳ್ಳದೆ, ಮನುಷ್ಯರು ಬಂದು ನೋಡಲೆಂದು ನಿಂತುಬಿಡುವುದು. ಎಲ್ಲರೂ ಅದನ್ನು ಪಾಲಿಸಿರಲಿಲ್ಲ.

ಅದು ಕೈತಪ್ಪಿ ಆದದ್ದು. ಬೇಕೆಂದೇ ಮಾಡುವವನಿದ್ದರೆ? ಮೂರು ತಿಂಗಳ ಹಿಂದಿನ ಗುಪ್ತಪದ ಒಬ್ಬ ಕಳ್ಳನ ಕೈಗೆ ಸಿಕ್ಕಿದೆ ಎನ್ನೋಣ. ಅದರ ಅವಧಿ ಮುಗಿದಿದೆ. ಅವನಿಗೆ ಅದರಿಂದ ಪ್ರಯೋಜನವಿಲ್ಲ. ಆದರೆ ಅವನು ಗಡಿಯಾರದ ವೇಷ ಹಾಕಿಕೊಂಡು ರೌಟರಿಗೆ ಮೂರು ತಿಂಗಳ ಹಿಂದಿನ ತಾರೀಖನ್ನು ಸ್ವಲ್ಪಸ್ವಲ್ಪವಾಗಿ ಒಪ್ಪಿಸಿಬಿಟ್ಟರೆ? ಸತ್ತ ಗುಪ್ತಪದಕ್ಕೆ ಜೀವ ಬಂತು. ಆದುದರಿಂದ ಸಮಯ ಹೇಳುವವನೂ ರುಜು ಹಾಕಿಯೇ ಹೇಳಬೇಕು. ಇಲ್ಲಿ ಒಂದು ಎಡವಟ್ಟನ್ನು ನಾವು ಮತ್ತೆಮತ್ತೆ ಕಂಡಿದ್ದೇವೆ. ಸಿಸ್ಕೊ ರೌಟರಿನಲ್ಲಿ ಸಮಯದ ಗುಪ್ತಪದವನ್ನು ಬರೆದುಬಿಟ್ಟರೆ ಸಾಲದು. ಅದನ್ನು ನಂಬತಕ್ಕದ್ದೆಂದು ಒಂದು ಸಾಲು, ರುಜುವನ್ನು ಪರೀಕ್ಷಿಸತಕ್ಕದ್ದೆಂದು ಒಂದು ಸಾಲು, ಇಂಥ ಗಡಿಯಾರಕ್ಕೆ ಈ ಗುಪ್ತಪದವೆಂದು ಒಂದು ಸಾಲು ಬೇಕು. ಪರೀಕ್ಷಿಸತಕ್ಕದ್ದೆಂಬ ಸಾಲನ್ನು ಬಿಟ್ಟರೂ ಪೆಟ್ಟಿಗೆ ಗೊಣಗದೆ ಸಮಯ ತೆಗೆದುಕೊಳ್ಳುತ್ತದೆ. ಬಾಗಿಲಿಗೆ ಬೀಗ ತಂದು ತೂಗುಹಾಕಿ, ಚಿಲಕ ಹಾಕುವುದನ್ನೇ ಮರೆತಂತೆ.

ತಾವು ಕೇಳಬಹುದು: ರುಜುವಿಗೆ ಸಮಯ ಬೇಕು, ಸಮಯಕ್ಕೆ ರುಜು ಬೇಕು ಎಂದರೆ ಮತ್ತೆ ಅದೇ ಹುಚ್ಚು ಅದೇ ಮದುವೆಯಾಯಿತಲ್ಲ? ಆ ಸುತ್ತನ್ನು ಎಲ್ಲಿಯಾದರೂ ಒಂದು ಕಡೆ ಕೈಯಿಂದಲೇ ಕಡಿಯಬೇಕು. ಸಮಯದ ಗುಪ್ತಪದಕ್ಕೆ ಸಾಮಾನ್ಯವಾಗಿ ತಾರೀಖನ್ನೇ ಹಾಕುವುದಿಲ್ಲ. ಮನುಷ್ಯರು ಹೋಗಿ ಬರೆದಿಟ್ಟದ್ದು, ಮನುಷ್ಯರು ಹೋಗಿ ಬದಲಾಯಿಸುವವರೆಗೆ ನಡೆಯತಕ್ಕದ್ದು. 2020ರಲ್ಲಿ ಎನ್.ಟಿ.ಎಸ್. ಎಂಬ ಹೊಸ ಬಿಗಿಯಾದ ಪದ್ಧತಿ ಬಂದಿದೆ. ಅದರಲ್ಲಿ ಗುಪ್ತಪದದ ಬದಲು ಅರ್ಹತಾಪತ್ರಗಳು. ಆ ಪತ್ರಗಳಿಗೂ ಅವಧಿಯುಂಟು! ಎದ್ದ ಕೂಡಲೆ ತಾರೀಖು ತಿಳಿಯದ ಪೆಟ್ಟಿಗೆ ಆ ಪತ್ರವನ್ನು ಹೇಗೆ ನೋಡೀತು ಎಂಬ ತೊಡಕನ್ನು ಅದನ್ನು ಬರೆದವರೇ ಮುಚ್ಚುಮರೆಯಿಲ್ಲದೆ ಚರ್ಚಿಸಿದ್ದಾರೆ. ಅವರ ಪ್ರಾಮಾಣಿಕತೆ ಮೆಚ್ಚತಕ್ಕದ್ದು.

ಇನ್ನು ಬಾಕಿ ಉಳಿಸಿದ ಎರಡನೆಯ ಪ್ರಶ್ನೆ, ವಿಳಾಸದ ಮೇಲಿನ ಹಕ್ಕು. ಇದಕ್ಕೆ ಆರ್.ಪಿ.ಕೆ.ಐ. ಎಂಬ ಏರ್ಪಾಡಿದೆ, ಅದರ ಚೌಕಟ್ಟನ್ನು 2012ರಲ್ಲಿ ಪ್ರಕಟಿಸಿದರು. "ಈ ವಿಳಾಸಗಳನ್ನು ಸಾರುವ ಹಕ್ಕು ಇಂಥ ಜಾಲಕ್ಕೆ" ಎಂಬ ಒಂದು ಪಹಣಿ ಪತ್ರ. ಅದನ್ನು ವಿಳಾಸಗಳನ್ನು ಹಂಚುವ ಸಂಸ್ಥೆಗಳ ಬಲದಿಂದ ಮಾಡುತ್ತಾರೆ. ಏಷ್ಯ ಮತ್ತು ಪೆಸಿಫಿಕ್ ಭಾಗಕ್ಕೆ ಬ್ರಿಸ್ಬೇನಿನಲ್ಲಿರುವ ಏಪ್ನಿಕ್ ಅಂಥ ಸಂಸ್ಥೆ. ನಮ್ಮ ದೇಶದೊಳಗೆ ಇರಿನ್ ಎಂಬುದುಂಟು. ಪಹಣಿಗೆ ವಿರುದ್ಧವಾಗಿ ಯಾರಾದರೂ ಸಾರಿದರೆ ಆ ಸಾರಿಕೆಯನ್ನು ಬಿಸಾಡಬಹುದು. ಈ ಪತ್ರಗಳಿಗೂ ಆರಂಭದ ತಾರೀಖು, ಮುಗಿಯುವ ತಾರೀಖು ಇವೆ. ಪರೀಕ್ಷಿಸುವ ಗಣಕದ ಗಡಿಯಾರ ಕೆಟ್ಟರೆ ಒಳ್ಳೆಯ ಪತ್ರವೂ ಅವನಿಗೆ ಕಾಣದು. ಆಗ ಗಲಾಟೆಯೇನೂ ಆಗುವುದಿಲ್ಲ, ಕಾವಲುಗಾರ ಸುಮ್ಮನೆ ನಿದ್ದೆಹೋದಂತಾಗುತ್ತದೆ. ಆ ನಮ್ಮ ಶಾಖೆಯ ಹಾಗೆ ಎಲ್ಲವೂ ನಿಂತರೆ ಜನ ಕೂಗುತ್ತಾರೆ. ಈ ಬಗೆಯ ಕೇಡನ್ನು ಯಾರೂ ಕೂಗಿ ಹೇಳುವುದಿಲ್ಲವಾದ್ದರಿಂದ ಇದೇ ಹೆಚ್ಚು ಭಯದ್ದೆಂದು ನಮಗೆ ತೋರುತ್ತದೆ.

ಸರ್ಕಾರವೂ ಈ ಕಡೆಗೆ ಕಣ್ಣು ಹಾಯಿಸಿದೆ. 2022ರ ಏಪ್ರಿಲ್ 28ರಂದು ಸರ್ಟ್-ಇನ್ ಎಂಬ ಕೇಂದ್ರ ಸಂಸ್ಥೆ ಹೊರಡಿಸಿದ ನಿರ್ದೇಶನದಲ್ಲಿ, ಕಂಪನಿಗಳೂ ಕಚೇರಿಗಳೂ ತಮ್ಮ ಗಣಕಗಳ ಗಡಿಯಾರಗಳನ್ನು ಎನ್.ಐ.ಸಿ.ಯ ಅಥವಾ ರಾಷ್ಟ್ರೀಯ ಭೌತಿಕ ಪ್ರಯೋಗಾಲಯದ ಗಡಿಯಾರಕ್ಕೆ, ಇಲ್ಲವೆ ಅವುಗಳಿಗೆ ಕೊಂಡಿಯಿರುವ ಗಡಿಯಾರಕ್ಕೆ ಹೊಂದಿಸಬೇಕೆಂದೂ, ದಾಖಲೆಗಳನ್ನು 180 ದಿನ ಇಡಬೇಕೆಂದೂ ಹೇಳಿದೆ. ಇದರ ಬೆಲೆ ವಂಚನೆಯ ವಿಚಾರಣೆ ಬಂದಾಗ ತಿಳಿಯುತ್ತದೆ. ಒಬ್ಬ ಮುದುಕರ ಖಾತೆಯಿಂದ ಹಣ ಹೋಗಿದೆ. ಅವರು ದೂರು ಕೊಟ್ಟು ಕಾರ್ಡು ನಿಲ್ಲಿಸಿದ್ದು 11 ಗಂಟೆ 4 ನಿಮಿಷಕ್ಕೆಂದು ಒಂದು ಗಣಕ ಹೇಳುತ್ತದೆ. ಹಣ ಹೋದದ್ದು 11 ಗಂಟೆ 6 ನಿಮಿಷಕ್ಕೆಂದು ಇನ್ನೊಂದು ಹೇಳುತ್ತದೆ. ನಷ್ಟವನ್ನು ಯಾರು ಹೊರಬೇಕೆಂಬುದು ಆ ಎರಡು ನಿಮಿಷದ ಮೇಲೆ ನಿಂತಿದೆ. ಎರಡು ಗಡಿಯಾರಗಳೂ ಒಂದೇ ಸಮಯ ಹೇಳುತ್ತಿದ್ದುವೆಂದು ತೋರಿಸಲಾಗದಿದ್ದರೆ ಆ ಮುದುಕರ ಪರವಾಗಿ ವಾದಿಸುವುದು ಹೇಗೆ? ಊರಿನಲ್ಲಿ ತಂದೆತಾಯಿಗಳನ್ನು ಬಿಟ್ಟುಬಂದ ನಮಗೆ ಇದು ದೂರದ ಮಾತಲ್ಲ. ದೂರು ಕೊಡುವಾಗ ಹೊತ್ತನ್ನು ಬರೆದಿಟ್ಟುಕೊಳ್ಳಲು, ಬ್ಯಾಂಕಿನಿಂದ ಬಂದ ಸಂದೇಶವನ್ನು ಅಳಿಸದಿರಲು ಮನೆಯವರಿಗೆ ಹೇಳಿಡುವುದು ಒಳ್ಳೆಯದು.

ಅಧ್ಯಕ್ಷರು ತಮ್ಮ ಕೈಗಡಿಯಾರ ನೋಡುತ್ತಿದ್ದಾರೆ. ಇನ್ನೊಂದೇ ಸಂಗತಿ ಹೇಳಿ ಇಳಿಯುತ್ತೇವೆ. ಎನ್.ಟಿ.ಪಿ. ತನ್ನ ಸೆಕೆಂಡುಗಳನ್ನು 1900ರ ಜನವರಿ 1ರಿಂದ ಎಣಿಸುತ್ತದೆ. ಆ ಎಣಿಕೆಯ ಡಬ್ಬಿಯಲ್ಲಿ 429 ಕೋಟಿ 49 ಲಕ್ಷ 67 ಸಾವಿರದ 296 ಸೆಕೆಂಡುಗಳಿಗಷ್ಟೇ ಜಾಗ. ಅದು ತುಂಬಿ ಸೊನ್ನೆಗೆ ಬರುವುದು 2036ನೆಯ ಇಸವಿಯ ಫೆಬ್ರವರಿ 7ರಂದು. ಹೊಸ ರೂಪದಲ್ಲಿ ಇದಕ್ಕೆ ತಕ್ಕ ಏರ್ಪಾಡಿದೆ. ಕಪಾಟಿನ ಮೂಲೆಯಲ್ಲಿ ಧೂಳು ತಿನ್ನುತ್ತ ಕೆಲಸ ಮಾಡುವ ಹಳೆಯ ಪೆಟ್ಟಿಗೆಗಳಲ್ಲಿ ಯಾವುದರಲ್ಲಿದೆ, ಯಾವುದರಲ್ಲಿಲ್ಲ ಎಂದು ಒಂದೊಂದನ್ನೂ ಹುಡುಕಿ ನೋಡಬೇಕು. ಆ ದಿನ ಗುರುವಾರ. ನಮ್ಮ ಸಮಯದಲ್ಲಿ ಲೆಕ್ಕ ಹಾಕಿದರೆ ಆ ಕ್ಷಣ ಬರುವುದು ಹಗಲು 11 ಗಂಟೆ 58 ನಿಮಿಷ 16 ಸೆಕೆಂಡಿಗೆ. ಕೌಂಟರಿನ ಮುಂದೆ ಸಾಲು ನಿಂತಿರುವ ಹೊತ್ತು. ನಮಗೆ ಆಗ ಇನ್ನೂ ಸರ್ವಿಸು ಉಳಿದಿರುತ್ತದೆ.